ಮುತ್ಯಾನ ಹುಟ್ಟಿದ ತಾರೀಖು ಯಾವ್ದಂತ ಬರೀಲಿ? ಸಾಲಿ ಮಾಸ್ತರ್ ಪುಣ್ಯಸ್ಮರಣೆ ಪುಸ್ತಕದ ಸಲುವಾಗಿ

ಆಳಂದ್_ಹುಡುಗ:

ಶರಣ್ರಿ ಎಲ್ಲರಿಗಿ. ನಮ್ ಮುತ್ಯಾ ತೀರ್ಕೊಂಡು ಬರೋ ತಿಂಗಳಿಗಿ ವರ್ಷ ಆಗ್ತದ. ಆಳಂದ ತಾಲೂಕಿನ ಹಳ್ಳಿ ಸಾಲಿಗೋಳಾಗ 1951ರಿಂದ 1989ರ ತನ ಮಾಸ್ತರ್ಕಿ ಮಾಡಿ ಹೆಡ್‌ಮಾಸ್ತರ್ ಆಗಿ ರಿಟೈರ್ ಆದವ್ರು, 94 ವರ್ಷ ಬಾಳಿದ್ರು. ಮಕ್ಕಳು ಆರು ಮಂದಿ, ನಾವು ಮೊಮ್ಮಕ್ಕಳು ಹದಿನೇಳು, ಮರಿಮಕ್ಕಳ ಲೆಕ್ಕ ಮುತ್ಯಾನೇ ಇಟ್ಟಿದ್ದು, ಈಗ ಯಾರ ಹತ್ರನೂ ಇಲ್ಲ. ವರ್ಷದ ಪುಣ್ಯಸ್ಮರಣೆಗಿ ಸಣ್ಣದೊಂದು ಪುಸ್ತಕ ಮಾಡ್ಬೇಕಂತ ಠರಾವ್ ಆಗ್ಯದ, ಬರಿಯೋದು ನನ್ ಕೊರಳಿಗಿ ಬಿದ್ದದ ಯಾಕಂದ್ರ ಮನ್ಯಾಗ ಲ್ಯಾಪ್‌ಟಾಪ್ ಇರೋದು ನನ್ ಹತ್ರ ಒಂದೇ.

ಮೊದಲನೇ ಪೇಜಿಗೇ ಗಾಡಿ ನಿಂತದ. ಸರ್ವಿಸ್ ಬುಕ್‌ನ್ಯಾಗ ಹುಟ್ಟಿದ ತಾರೀಖು 1-6-1931 ಅಂತದ. ಮುತ್ಯಾನ ಟ್ರಂಕ್‌ನ್ಯಾಗ ಅವ್ರು ಓದಿದ ಸಾಲಿದು ನಿಜಾಮರ ಕಾಲದ ದಾಖಲಾ ಚೀಟಿ ಸಿಕ್ಕದ, ಪೂರಾ ಉರ್ದು. ಮುತ್ಯಾ ಉರ್ದು ಸರಾಗ ಓದ್ತಿದ್ರು, ನಮಗ್ಯಾರಿಗೂ ಒಂದಕ್ಷರ ಬರಲ್ಲ. ಬಾಜೂ ಮನಿ ಚಾಚಾ ಚಷ್ಮಾ ಹಾಕ್ಕೊಂಡು ಓದಿ "ಖುರ್ದಾದ್, 1340 ಫಸಲಿ" ಅಂದ್ರು, ಖುರ್ದಾದ್ ಅಂದ್ರ ತಿಂಗಳ ಹೆಸರು, ಫಸಲಿ ಅಂದ್ರ ನಿಜಾಮರ ಸರ್ಕಾರದ ವರ್ಷದ ಲೆಕ್ಕ ಅಂತ. ನಮ್ ಕಾಕಾ ಅದಕ್ಕ 590 ಕೂಡಿಸಿ 1930 ಅಂತ ಹಟ ಹಿಡದಾರ. ಇನ್ನ ಡೈರಿದಾಗ ಮೊದಲನೇ ಪಗಾರ "42 ಹಾ" ಅಂತ ಬರದಾರ. ಹಾ ಅಂದ್ರ ಹಾಜರಿ, 42 ದಿನದ್ದು ಅಂತ ಕಾಕಾ. ತಿಂಗಳಿಗಿ 42 ದಿನ ಎಲ್ಲಿಂದ ಬರ್ತಾವ್ರಿ?

ಕಾಕಾ ಈಗಾಗಲೇ ಎರಡು ಪೇಜ್ ಬರದು ಕೊಟ್ಟಾರ. "ಶಿಕ್ಷಣಪ್ರೇಮಿ, ನಿಷ್ಠಾವಂತ, ಮೃದು ಸ್ವಭಾವದ ಕುಟುಂಬವತ್ಸಲ." ಹೆಸರು ತೆಗದು ಯಾರ ಹೆಸರು ಕೂಡಿಸಿದ್ರೂ ನಡಿತದ. ನೀವ್ಯಾರರೆ ಇಂಥಾದ್ದು ಮಾಡಿದ್ರ ಹೇಳ್ರಿ, ಏನ್ ಬರೀಬೇಕು?

ಹಳೇ_ದಫ್ತರ್:

ತಮ್ಮಾ, ನಾ ಕಲಬುರಗಿದಾಗ 31 ವರ್ಷ ಗುಮಾಸ್ತಿಕಿ ಮಾಡೀನಿ, ಇಂಥಾ ಚೀಟಿ ಭಾಳ ನೋಡೀನಿ. ನಿಮ್ ಕಾಕಾಂದು ಅರ್ಧ ಖರೆ. ಹೈದರಾಬಾದ್ ಫಸಲಿ ವರ್ಷ ಸುರು ಆಗೋದು ಅಕ್ಟೋಬರದಾಗ, ಆಜೂರ್ ತಿಂಗಳಿಂದ. ಡಿಸೆಂಬರ್ ತನಕ 590 ಕೂಡಿಸ್ಬೇಕು, ಜನವರಿ ದಾಟಿದ್ರ 591. ಆಜೂರ್, ದೈ, ಬಹಮನ್, ಇಸ್ಫಂದಾರ್, ಫರವರ್ದಿ, ಆರ್ದಿಬೆಹಿಶ್ತ್, ಆಮ್ಯಾಲ ಖುರ್ದಾದ್, ಅಂದ್ರ ಏಳನೇ ತಿಂಗಳು, ಏಪ್ರಿಲ್ ಸುಮಾರು ಬರ್ತದ. ಹಂಗಾಗಿ 1340 ಖುರ್ದಾದ್ ಅಂದ್ರ ಏಪ್ರಿಲ್ 1931. ಬಿಸಲಾಗ ಹುಟ್ಯಾರ ನಿಮ್ ಮುತ್ಯಾ.

ಜೂನ್ 1 ಬಿಡ್ರಿ, ಅದು ಹುಟ್ಟಿದ ತಾರೀಖಲ್ಲ, ಮಾಸ್ತರ್ ಕೊಟ್ಟ ತಾರೀಖು. ಸಾಲಿ ಸುರು ಆಗೋ ಹೊತ್ತಿಗಿ ವಯಸ್ಸು ಸಮ ಆಗ್ಲಿ ಅಂತ ಊರಾಗಿನ ಅರ್ಧ ಹುಡುಗರಿಗಿ ಅದೇ ತಾರೀಖು ಬಿದ್ದದ, ನಂದೂ ಅದೇ. ನಿಮ್ ಮುತ್ಯಾನೂ ಎಷ್ಟು ಮಂದಿಗಿ ಬರದಾರೋ ಏನೋ. ಇದರಾಗ ಮಜಾ ಏನಂದ್ರ ಒಂದನೇ ತಾರೀಖಿಗಿ ಹುಟ್ಟಿದ ನೌಕರದಾರ ಹಿಂದಿನ ತಿಂಗಳ ಕಡೀ ದಿನಕ್ಕೇ ರಿಟೈರ್, ಹಂಗಾಗಿ 58 ತುಂಬಿ ಮೇ 31, 1989ಕ್ಕ ಮನಿಗಿ ಬಂದಿರ್ತಾರ. ಏಪ್ರಿಲ್ ಹಿಡದಿದ್ರ ಏಪ್ರಿಲ್ 30ಕ್ಕೇ ಬರ್ಬೇಕಾಗಿತ್ತು. ಒಂದು ತಿಂಗಳ ಪಗಾರ ಜಾಸ್ತಿ ತಗೊಂಡಾರ ನೋಡ್ರಿ 😄

"ಹಾ" ಅಂದ್ರ ಹಾಜರಿ ಅಲ್ಲ, ಹಾಲಿ ಸಿಕ್ಕಾ, ನಿಜಾಮರ ರೂಪಾಯಿ. 1948ರ ಸೆಪ್ಟೆಂಬರ್ 17ಕ್ಕ ನಿಜಾಮರ ಆಳ್ವಿಕಿ ಮುಗದಮ್ಯಾಲೂ ಅದು ಒಮ್ಮೆಲೇ ಹೋಗ್ಲಿಲ್ಲ, ವರ್ಷಗಟ್ಲೆ ಕಲ್ದಾರ್, ಅಂದ್ರ ಭಾರತ ಸರ್ಕಾರದ ರೂಪಾಯಿ, ಅದರ ಜೋಡಿನೇ ಓಡ್ತು. 7 ಹಾಲಿಗಿ 6 ಕಲ್ದಾರ್ ಲೆಕ್ಕ. ಹಂಗಾಗಿ 42 ಹಾಲಿ ಅಂದ್ರ 36 ರೂಪಾಯಿ.

ಶಹಾಪುರ_ಅಕ್ಕ:

ನಿಮ್ ಮುತ್ಯಾನ ಹೆಸರು ಹೇಳಿಲ್ಲ, ನಾನೂ ಕೇಳಲ್ಲ, ನಮ್ ಕಡಿ ಮಾಸ್ತರ್ ಬ್ಯಾರೆ ಇರ್ತಾರ. ಆದ್ರೂ ಒಂದು ಹೇಳ್ತೀನಿ. 72ರ ಬರಗಾಲ ಆದ ಮರುವರ್ಷ, ನಾ ಐದನೇತ್ತ ಇದ್ದೆ. ಬರದಾಗ ಸಾಲಿಗಿ ಹೋಗ್ತಿದ್ದಿದ್ದೇ ಕೇರ್ ಉಪ್ಪಿಟ್ಟಿನ ಸಲುವಾಗಿ ಅನ್ರಿ, ಕೇರ್ ಅನ್ನೋ ಅಮೆರಿಕಾದ ಸಂಸ್ಥಾ ಕೊಡ್ತಿದ್ದ ಹಳದಿ ಉಪ್ಪಿಟ್ಟು, ಅದರ ವಾಸನಿ ಈಗ್ಲೂ ಮೂಗಿನಾಗ ಅದ. ಮಳಿ ಆಗಿ ತೊಗರಿ ಬಂದ ಕೂಡ್ಲೇ ಅಪ್ಪ ನನ್ ಸಾಲಿ ಬಿಡಿಸಿದ್ರು, ರಾಶಿ ಮುಗದ್ರೂ ಕಳಸಲಿಲ್ಲ. ಒಂದು ಸಂಜಿಕಿ ಮಾಸ್ತರ್ ಬಂದು ಕಟ್ಟಿ ಮ್ಯಾಲ ಕುಂತ್ರು. ಸಾಲಿ ಸುದ್ದಿನೇ ಇಲ್ಲ, ಜ್ವಾಳದ ಧಾರಣಿ, ಎತ್ತಿನ ಕಾಲು, ಅದೇ ಮಾತು. ಚಾ ಕುಡದು ಎದ್ದು ನಿಂತ್ಮ್ಯಾಲ ಜೇಬಿನಾಗಿಂದ ಒಂದು ಕಾರ್ಡ್ ತೆಗದು "ಗೌಡ್ರೇ ಚಷ್ಮಾ ಮರತು ಬಂದೀನಿ, ಇದೇನ್ ಬರದಾರ ನೋಡ್ರಿ" ಅಂತ ಅಪ್ಪನ ಕೈಗಿ ಕೊಟ್ರು. ಅಪ್ಪನಿಗಿ ಓದಾಕ ಬರಲ್ಲ ಅಂತ ಊರಿಗೇ ಗೊತ್ತು. ಅಪ್ಪ ಸುಮ್ನ ಅದನ್ನ ತಿರುವಿ ಮುರುವಿ ನೋಡಿ ನನ್ ಕರದ್ರು. ನಾ ಲಾಟೀನ್ ಹತ್ರ ಹಿಡದು ಓದ್ದೆ, ಯಾರೋ ಬೀಗರು ಆರಾಮ್ ಅದೀವಿ, ಮಳಿ ಚೊಲೋ ಆಗ್ಯದ ಅಂತ ಬರದಿದ್ದು. ಅಪ್ಪ ಏನೂ ಅನ್ಲಿಲ್ಲ. ಸೋಮವಾರ ಪಾಟಿ ಹಿಡದು ಹೋದೆ. ನರ್ಸ್ ಟ್ರೇನಿಂಗಿಗಿ ಹೋಗೋವಾಗ ನೆನಪಾತು, ಆ ಅಕ್ಷರ ಮಾಸ್ತರ್ದೇ, ಕಾರ್ಡಿನ ಮ್ಯಾಲ ಪೋಸ್ಟಿನ ಮುದ್ರಿ ಸಹಿತ ಇದ್ದಿದ್ದಿಲ್ಲ.

ನಿಮ್ಮೂರಾಗ ಇಂಜಿನಿಯರ್ ಆದವ್ರನ್ನ ಕೇಳಬ್ಯಾಡ್ರಿ, ಅವ್ರು ಸ್ಟೇಜ್ ಮ್ಯಾಲ ಹ್ಯಾಂಗೂ ಮಾತಾಡ್ತಾರ. ಸಾಲಿ ಅರ್ಧಕ್ಕ ಬಿಟ್ಟವ್ರನ್ನ ಕೇಳ್ರಿ.

ಬೀದರ್_ಟು_ಬೆಂಗಳೂರು:

ನಾನೂ ಮೇಷ್ಟ್ರ ಮಗನೇ, ಊರು ಭಾಲ್ಕಿ ಹತ್ರ, ಈಗ ಮೂವತ್ತು ವರ್ಷದಿಂದ ಬೆಂಗಳೂರು, ಭಾಷೆ ಕೆಟ್ಟಿದೆ ಬೈಬೇಡಿ. ನಮ್ಮಪ್ಪ ಓದಿದ್ದು ಚನ್ನಬಸವ ಪಟ್ಟದ್ದೇವರು ನಡೆಸ್ತಿದ್ದ ಶಾಲೇಲಿ, ಹೊರಗಡೆ ಉರ್ದು ಬೋರ್ಡು ಒಳಗಡೆ ಕನ್ನಡ ಅಂತಾರಲ್ಲ ಅದೇ. ಪಟ್ಟದ್ದೇವರೂ ನೂರು ದಾಟಿ ಬದುಕಿದವರು. ಅಪ್ಪ ಸಾಯೋವರೆಗೂ ಆ ಬೋರ್ಡಿನ ಕಥೆ ಹೇಳ್ತಿದ್ರು, ಪ್ರತಿ ಸಲ ಬೋರ್ಡು ಒಂದಿಷ್ಟು ದೊಡ್ಡದಾಗ್ತಿತ್ತು.

ನಿಮ್ಮ ಕಾಕಾರ ಆ "ಮೃದು ಸ್ವಭಾವ" ಇದೆಯಲ್ಲ, ನಿಜ ಇದ್ರೆ ಮಾತ್ರ ಹಾಕಿ. ನಾವೂ ಅಪ್ಪನ ಪುಸ್ತಕದಲ್ಲಿ ಅದನ್ನೇ ಹಾಕಿದ್ವಿ, ಬಿಡುಗಡೆ ದಿನ ಅವರ ಹಳೇ ಸ್ಟೂಡೆಂಟ್ ಒಬ್ರು ಅದನ್ನ ಜೋರಾಗಿ ಓದಿ ಅಂಗೈ ತೋರಿಸಿದ್ರು, ಇಡೀ ಹಾಲ್ ನಕ್ತು. ಊರಿಗೆಲ್ಲ ಅಪ್ಪ, ಮನೇಲಿ ನಮಗೆ ಬರೀ ಮೇಷ್ಟ್ರು. ಬೇರೆ ಹುಡುಗರಿಗೆ ಸ್ಲೇಟು ಕೊಡಿಸೋರು, ನಾನು ಸ್ಲೇಟು ಒಡೆದ್ರೆ ಒಡೆದ ಚೂರಲ್ಲೇ ತಿಂಗಳು ಬರೆಸಿದ್ರು. ಸಿಟ್ಟಿದೆಯಾ ಅಂದ್ರೆ ಸ್ವಲ್ಪ ಇದೆ, ಚೂರು ಇನ್ನೂ ಇಟ್ಕೊಂಡಿದ್ದೀನಿ. ನಿಮ್ಮ ಮುತ್ಯಾ ಮನೇಲಿ ಹೆಂಗಿದ್ರು? ಪ್ರಶ್ನೇಲಿ ಅದೇ ಇಲ್ಲ.

ಆಳಂದ್_ಹುಡುಗ:

ದಫ್ತರ್ ಕಾಕಾ, ಒಂದು ತಿಂಗಳ ಪಗಾರದ್ದು ಮುತ್ಯಾನಿಗಿ ಗೊತ್ತಾಗಿದ್ರ ನಿದ್ದಿ ಮಾಡ್ತಿದ್ದಿದ್ದಿಲ್ಲ, ವಾಪಸ್ ಕಟ್ಟಾಕ ಟ್ರೆಜರಿಗಿ ಹೋಗ್ತಿದ್ರು.

ಬೀದರ್ ಅಣ್ಣೋರು ಕೇಳಿದ್ಮ್ಯಾಲ ಯೋಚನಿ ಮಾಡ್ದೆ. ಮನ್ಯಾಗೂ ಮಾಸ್ತರೇ. ದಿನಾ ರಾತ್ರಿ ಊಟಕ್ಕ ಮೊದಲ ಪಡಸಾಲ್ಯಾಗ ಹಾಜರಿ ಕರೀತಿದ್ರು, ಹಳೇ ಹಾಜರಿ ಬುಕ್ ಇಟ್ಕೊಂಡು, ಅಡ್ಡ ಹೆಸರು ಸಹಿತ. "ಹಾಜರ್ ಸರ್" ಅನ್ಬೇಕು, ಮುತ್ಯಾ ಅಂದ್ರ ರೊಟ್ಟಿ ಇಲ್ಲ. ಪಟ್ಟಿದಾಗ ಮೊದಲನೇ ಹೆಸರು ಆಯಿದು, ನಮ್ ಅಜ್ಜಿದು. ಆಯಿ ಒಲಿ ಮುಂದ ಕುಂತಲ್ಲಿಂದೇ "ಇದೀನಲ್ಲ, ಎಲ್ಲಿಗಿ ಹೋಗ್ಲಿ" ಅಂತ ಬೈತಿದ್ಲು. ಆ ಬುಕ್ ನಿನ್ನಿ ತೆಗದು ನೋಡ್ದೆ. 2008ರಾಗ ಆಯಿ ಹ್ವಾದ ಮ್ಯಾಲೂ ಪ್ರತಿ ಪೇಜಿನಾಗ ಮೊದಲು ಅಕಿ ಹೆಸರೇ ಬರದಾರ. ಮುಂದ ಹಾಜರಿದು ಹಾ ನೂ ಇಲ್ಲ, ಗೈರುಹಾಜರಿದು ಗೈ ನೂ ಇಲ್ಲ, ಎಲ್ಲಾ ಚೌಕ ಖಾಲಿ ಬಿಟ್ಟಾರ.

ಆ ಒಂದು ಪೇಜ್, ಉರ್ದು ಚೀಟಿ, ಆಮ್ಯಾಲ ಊರಾಗ ಸಾಲಿ ಬಿಟ್ಟ ಹತ್ತು ಮಂದಿ ಮಾತು, ಇಷ್ಟು ಹಾಕ್ತೀನಿ. ತಾರೀಖು ಎರಡೂ ಹಾಕ್ತೀನಿ, "ಹುಟ್ಟಿದ್ದು ಏಪ್ರಿಲ್, ಸರ್ಕಾರಕ್ಕ ಜೂನ್ 1" ಅಂತ. ಕಾಕಾ ಒಪ್ಯಾರ, ಆದ್ರ "ಮೃದು ಸ್ವಭಾವ" ಎಲ್ಯಾದ್ರೂ ಒಂದು ಕಡಿ ಇರ್ಲೇಬೇಕಂತ. ಪೇಜ್ 14ರಾಗ ಫೋಟೋ ಕೆಳಗ ಸಣ್ಣ ಅಕ್ಷರದಾಗ ಹಾಕಿದ್ರ ನಡೀತದೇನ್ರಿ? ಇನ್ನ ಆ ಚೀಟಿನ ಉರ್ದುದಾಗೇ ಟೈಪ್ ಮಾಡ್ಸಬೇಕಾ, ಕಲಬುರಗಿದಾಗ ಯಾರು ಮಾಡ್ತಾರ?

ಹಳೇ_ದಫ್ತರ್:

ಟೈಪ್ ಯಾಕ ತಮ್ಮಾ, ಸ್ಕ್ಯಾನ್ ಮಾಡಿ ಹಂಗೇ ಹಾಕು, ಮಡಚಿದ ಗೆರಿ ಸಹಿತ. ಪುಸ್ತಕ ಆದ್ಮ್ಯಾಲ ಆ ಚಾಚಾಗ ಒಂದು ಕಾಪಿ ಮೊದಲು ಕೊಡು.