ಮರಿ ಇರುವ ಹೆಣ್ಣು ಮಂಗ ಮತ್ತೆ ಗಂಡಿನ ಜತೆ ಸೇರುವುದು ಯಾವಾಗ?

ಪ್ರಶ್ನೆ: ಅಡೂರಿನ ಕೃಷಿಕ
ನಮ್ಮ ಅಡಿಕೆ ತೋಟ ಕಾಡಿನಂಚಿನಲ್ಲಿದೆ. ಬೊಂಡಕ್ಕೂ ಕೊಕ್ಕೋ ಕಾಯಿಗೂ ಬರುವ ಹಿಂಡಿನಲ್ಲಿ ಕಿವಿ ಹರಿದ ಒಂದು ತಾಯಿ ಮಂಗ ಇದೆ. ಬೇಸಗೆಯಲ್ಲಿ ಮರಿ ಹೊಟ್ಟೆಗೆ ಅಂಟಿಕೊಂಡಿದ್ದಾಗ ಗಂಡುಗಳು ಅದರ ಗೊಡವೆಗೇ ಹೋಗುತ್ತಿರಲಿಲ್ಲ. ಈಗ ಅಕ್ಟೋಬರಿನಲ್ಲಿ ದೊಡ್ಡ ಗಂಡೊಂದು ಬೆನ್ನು ಬಿಡುತ್ತಿಲ್ಲ. ಮರಿ ಮೊಲೆಗೆ ಬಾಯಿ ಹಾಕಿದರೆ ತಾಯಿ ತಳ್ಳುತ್ತದೆ. ಅವೆರಡೂ ಸೇರುವಾಗ ಮರಿ ಕಿರುಚುತ್ತ ನಡುವೆ ನುಗ್ಗಿ ಗಂಡಿನ ಮುಖಕ್ಕೇ ಕೈ ಹಾಕುತ್ತದೆ. ನೋಡಲಾಗುವುದಿಲ್ಲ. ತಾಯಿ ಮರಿಯನ್ನು ಬಿಟ್ಟುಬಿಡುತ್ತದೆಯೇ?

ಉತ್ತರ: ಬದಿಯಡ್ಕದ ಜೀವಶಾಸ್ತ್ರ ಟೀಚರ್
ಇಲ್ಲ ಅಣ್ಣ, ಬಿಡುವುದಿಲ್ಲ. ಮರಿ ಪದೇ ಪದೇ ಮೊಲೆ ಚೀಪುತ್ತಿರುವಷ್ಟು ಕಾಲ ತಾಯಿಯಲ್ಲಿ ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಏರಿರುತ್ತದೆ, ಅಂಡಾಶಯವನ್ನು ಎಬ್ಬಿಸುವ ಹಾರ್ಮೋನುಗಳು ತಗ್ಗಿರುತ್ತವೆ. ಹಾಗಾಗಿ ಬೆದೆಯೂ ಇಲ್ಲ, ಗಂಡಿಗೆ ಆಸಕ್ತಿಯೂ ಇಲ್ಲ. ಮರಿ ಚಿಗುರು, ಹಣ್ಣು ತಿನ್ನಲು ಕಲಿತಂತೆ ಚೀಪುವುದು ಕಡಿಮೆಯಾಗಿ ತಾಯಿ ಮತ್ತೆ ಬೆದೆಗೆ ಬರುತ್ತದೆ. ನೀವು ಕಂಡ ತಳ್ಳಾಟ ಹಾಲು ಬಿಡಿಸುವ ಕ್ರಮ. ಮರಿಯ ಸಿಟ್ಟಿಗೂ ಕಾರಣವಿದೆ: ಇನ್ನೊಂದು ಮರಿ ಬಂದರೆ ಮಡಿಲು ಅದರದ್ದು. ಗರ್ಭ ನಿಂತರೆ ಸುಮಾರು ಐದೂವರೆ ತಿಂಗಳು. ಬೇಸಗೆಯ ಹೊತ್ತಿಗೆ ಹೊಸ ಮರಿಯನ್ನು ನೋಡುತ್ತೀರಿ.

ಉತ್ತರ: ಪೆರ್ಲದಿಂದ ಒಬ್ಬರು
ಮುಸುವಗಳಲ್ಲಿ ಇದೇ ಸಂಗತಿ ಘೋರವಾಗುತ್ತದೆ. 1962ರಲ್ಲಿ ಧಾರವಾಡದ ಬಳಿ ಜಪಾನಿನ ಸಂಶೋಧಕ ಯುಕಿಮಾರು ಸುಗಿಯಾಮ ಕಂಡದ್ದು: ಹೊಸ ಗಂಡು ಹಿಂಡನ್ನು ವಶಪಡಿಸಿಕೊಂಡ ಮೇಲೆ ಅದರ ಕಡಿತಕ್ಕೆ ಮರಿಗಳು ಸತ್ತವು, ಮರಿ ಕಳೆದುಕೊಂಡ ತಾಯಂದಿರು ಬೇಗನೆ ಬೆದೆಗೆ ಬಂದವು. ಹಾಲೂಡಿಸುವುದು ನಿಂತಿತಲ್ಲ! ಮುಂದೆ ರಾಜಸ್ಥಾನದ ಮೌಂಟ್ ಅಬುವಿನಲ್ಲಿ ಅಮೆರಿಕದ ಸಂಶೋಧಕಿ ಸಾರಾ ಹರ್ಡಿ ಹೆಣ್ಣುಗಳ ಕಡೆಯಿಂದ ನೋಡಿದರು. ಬಸಿರಿ ಮುಸುವವೂ ಹೊಸ ಗಂಡನ್ನು ಕರೆದು ಸೇರುತ್ತದೆ. ಹುಟ್ಟುವ ಮರಿ ತನ್ನದಿರಬಹುದೆಂದು ಗಂಡು ಸುಮ್ಮನಿದ್ದರೆ ಮರಿ ಬದುಕುತ್ತದೆ ಎಂಬುದು ಅವರ ವಿವರಣೆ. ನನಗೆ ಅದು ತಾಯ್ತನದ್ದೇ ಒಂದು ಕೆಲಸವಾಗಿ ಕಾಣುತ್ತದೆ.

ಪ್ರಶ್ನೆ ಕೇಳಿದವರು
ಮನಸ್ಸು ಹಗುರವಾಯಿತು. ನಮ್ಮ ಮಂಗಗಳಲ್ಲೂ ಗಂಡು ಮರಿಯನ್ನು ಕೊಲ್ಲುತ್ತದೆಯೇ, ಟೀಚರೇ?

ಟೀಚರ್
ನಿಮ್ಮ ಹಿಂಡಿನಲ್ಲಿ ದೊಡ್ಡ ಗಂಡುಗಳು ಹಲವು ಇರುತ್ತವೆ, ಹೆಣ್ಣು ಒಂದಕ್ಕಿಂತ ಹೆಚ್ಚು ಗಂಡುಗಳ ಜತೆ ಸೇರುತ್ತದೆ. ಯಾವ ಮರಿ ಯಾವ ಗಂಡಿನದೆಂದು ತಿಳಿಯುವ ಹಾಗಿಲ್ಲ, ಹಾಗಾಗಿ ಕೊಲ್ಲುವುದು ಅಪರೂಪ. ನನಗೆ ಹೆಚ್ಚು ಭಯ ಪಟಾಕಿಯದು. ಓಡಿಸುವಾಗ ಮರಿಯೂ ತಾಯಿಯೂ ಬೇರೆಯಾಗದ ಹಾಗೆ ನೋಡಿಕೊಳ್ಳಿ.