ಮೈಸೂರು ಕಡೆಯಿಂದ ಸರ್ಫಿಂಗ್ ಕಲಿಯೋಕೆ ಜನವರಿಯಲ್ಲಿ ಎಲ್ಲಿಗೆ ಹೋಗೋದು?

ನಾಲೆ_ಏರಿ (ಮಂಡ್ಯ)
ನಾಲ್ಕು ಜನ, ಇಬ್ಬರು ಮಂಡ್ಯ, ಇಬ್ಬರು ಮೈಸೂರು. ಯಾರೂ ಸರ್ಫಿಂಗ್ ಬೋರ್ಡ್ ಮುಟ್ಟಿದವರಲ್ಲ. ಜನವರಿ ನಡುವೆ, ಹೋಗಿ ಬರೋದೂ ಸೇರಿ ಒಂದು ವಾರ ರಜೆ. ಪಟ್ಟಿಯಲ್ಲಿರೋದು ಮೂಲ್ಕಿ, ವರ್ಕಲ, ಕೋವಳಂ, ಶ್ರೀಲಂಕಾದ ವೆಲಿಗಾಮ ಮತ್ತು ಅರುಗಮ್ ಬೇ, ಬಾಲಿಯ ಕೂಟಾ. ಇಬ್ಬರಿಗೆ ಈಜು ಚೆನ್ನಾಗಿ ಬರುತ್ತೆ, ಇನ್ನಿಬ್ಬರದು ನಾಲೆ ಈಜು. ಒಬ್ಬನ ತೂಕ 88 ಕೆಜಿ. ಫೋಟೋಗಿಂತ ಕಲಿಕೆ ಮುಖ್ಯ. ಯಾವುದು ಸರಿ, ಯಾಕೆ ಸರಿ?

ಶಾಂಭವಿ_ಅಳಿವೆ (ಮೈಸೂರು, ಕುವೆಂಪುನಗರ)
ಊರಿನ ಹೆಸರು ನೋಡಿ ಆರಿಸಬೇಡಿ. ಕೇಳಬೇಕಾದ್ದು ಮೂರೇ: ತಳ ಮರಳೋ ಬಂಡೆಯೋ, ಆ ತಿಂಗಳಲ್ಲಿ ಗಾಳಿ ಯಾವ ಕಡೆಯಿಂದ, ಅಲೆ ಎಷ್ಟು ಎತ್ತರ ಮತ್ತು ಎರಡು ಅಲೆಗಳ ನಡುವೆ ಎಷ್ಟು ಸೆಕೆಂಡು. ಕೊನೆಯದನ್ನು ಯಾರೂ ನೋಡಲ್ಲ. ಆರು ಸೆಕೆಂಡಿಗೊಂದು ಬರುವ ಮೂರಡಿ ಅಲೆ ಬರೀ ಗಾಳಿಯ ಕಲಕಾಟ. ಅದೇ ಮೂರಡಿ ಹದಿನಾಲ್ಕು ಸೆಕೆಂಡಿಗೊಂದು ಬಂದರೆ ದೂರದ ಸಮುದ್ರದಿಂದ ಬಂದ ಅಲೆ, ಹೊಸಬರನ್ನು ಬೋರ್ಡ್ ಸಮೇತ ಎತ್ತಿ ಒಗೆಯುತ್ತೆ. ನಿಮಗೆ ಬೇಕಾದ್ದು ಒಂದೂವರೆಯಿಂದ ಮೂರಡಿ, 8ರಿಂದ 12 ಸೆಕೆಂಡು, ಮರಳು ತಳ, ಸೊಂಟದ ಮಟ್ಟದ ನೀರು. ಹವಾಮಾನ ತೋರಿಸುವ ವಿಂಡಿ ಆಪ್‌ನಲ್ಲಿ ಅಲೆಯ ಎತ್ತರ, ಸೆಕೆಂಡು ಎರಡೂ ಅಂಕಿ ಉಚಿತವಾಗಿ ಸಿಗುತ್ತವೆ.

ಹೀಗೆ ನೋಡಿದರೆ ಜನವರಿಗೆ ನನ್ನ ಮತ ಮೂಲ್ಕಿಗೆ. ಮೈಸೂರಿಂದ ಮಂಗಳೂರಿಗೆ ಮಡಿಕೇರಿ, ಸಂಪಾಜೆ ಮೇಲೆ ಸುಮಾರು 250 ಕಿಮೀ, ಅಲ್ಲಿಂದ ಉಡುಪಿ ಕಡೆ ಇನ್ನೊಂದು 30. ರಾತ್ರಿ ಬಸ್ಸು ಹತ್ತಿದರೆ ಹಗಲು ಹಾಳಾಗಲ್ಲ. ಚಳಿಗಾಲದಲ್ಲಿ ಬೆಳಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತೆ, ಅಲೆಯ ಮುಖ ನಯವಾಗಿ ನಿಲ್ಲುತ್ತೆ. ಹತ್ತು ಹನ್ನೊಂದರ ಮೇಲೆ ಕಡಲ ಗಾಳಿ ತಿರುಗಿತು ಅಂದರೆ ಎಲ್ಲಾ ಕಲಕಲು. ಆದ್ದರಿಂದ ಆರೂವರೆಗೆ ನೀರಿಗಿಳಿದು ಎಂಟೂವರೆಗೆ ಹೊರಗೆ. ತಿಂಡಿ ಆಮೇಲೆ.

ಅದರ ದೋಷವನ್ನೂ ಹೇಳಿಬಿಡ್ತೀನಿ. ಜನವರಿಯಲ್ಲಿ ಕೆಲವು ದಿನ ಕಡಲು ಕೆರೆಯಂತೆ ಮಲಗಿಬಿಡುತ್ತೆ, ಅಲೆಯೇ ಇರಲ್ಲ. ಅಂಥ ದಿನ ಕೈಯಲ್ಲಿ ಹುಟ್ಟು ಹಾಕೋದನ್ನು, ಬೋರ್ಡ್ ಮೇಲೆ ಕೂತು ತಿರುಗಿಸೋದನ್ನು ಕಲೀರಿ, ಅದೂ ಪಾಠವೇ. ಇನ್ನೊಂದು: ಮೂಲ್ಕಿ ಪಕ್ಕದ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೀತು ಅಂತ ನೇರ ಅಲ್ಲಿಗೆ ಹೋಗಿ ಇಳೀಬೇಡಿ. ಆ ಸ್ಪರ್ಧೆ ಮಳೆಗಾಲದ ಹೊಸ್ತಿಲಲ್ಲಿ, ದೊಡ್ಡ ಅಲೆ ನೋಡಿಕೊಂಡು ನಡೆಸಿದ್ದು. ಅಲ್ಲಿ ನಂದಿನಿ, ಶಾಂಭವಿ ಎರಡೂ ಕಡಲಿಗೆ ಸೇರುವ ಅಳಿವೆ ಇದೆ. ಇಳಿತದ ಹೊತ್ತಲ್ಲಿ ಹೊಳೆ ನೀರು ಹೊರಗೆ ಎಳೆಯುತ್ತೆ. ಕಲಿಸುವವರು ತೋರಿಸಿದ ಜಾಗ, ಅವರು ಹೇಳಿದ ಹೊತ್ತು, ಅಷ್ಟೇ.

ಹಿಂದೂಸಾಗರ_ದಕ್ಷಿಣ (ಮೈಸೂರು, ವಿಜಯನಗರ)
ಮೂಲ್ಕಿ ಸರಿಯೇ. ಆದರೆ ಅಲೆ ಖಾತ್ರಿ ಬೇಕಾದರೆ ವೆಲಿಗಾಮ. ದಕ್ಷಿಣ ಮಹಾಸಾಗರದ ಅಲೆಗಳು ಶ್ರೀಲಂಕಾದ ದಕ್ಷಿಣ ತೀರಕ್ಕೆ ಅಡ್ಡಿಯಿಲ್ಲದೆ ಬಂದು ತಾಗುತ್ತವೆ. ವೆಲಿಗಾಮ ಅಗಲವಾದ ಕೊಲ್ಲಿ, ಮರಳು ತಳ, ಬಳಸಿ ಒಳಗೆ ಬರುವಷ್ಟರಲ್ಲಿ ಅಲೆಯ ರಭಸ ಇಳಿದಿರುತ್ತೆ. ನವೆಂಬರ್‌ನಿಂದ ಏಪ್ರಿಲ್ ಅಲ್ಲಿಯ ಸೀಸನ್. ಅರುಗಮ್ ಬೇ ಪೂರ್ವ ತೀರ, ಅದರ ಸೀಸನ್ ಮೇಯಿಂದ ಸೆಪ್ಟೆಂಬರ್. ಜನವರಿಯಲ್ಲಿ ಅದನ್ನು ಪಟ್ಟಿಯಿಂದ ಹೊಡೆದುಹಾಕಿ.

ಲೆಕ್ಕ ಮಾತ್ರ ಹಾಕಿಕೊಳ್ಳಿ. ಮೈಸೂರಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಫ್ಲೈಬಸ್, ಕೊಲಂಬೊಗೆ ಒಂದೂವರೆ ಗಂಟೆ ಹಾರಾಟ, ಅಲ್ಲಿಯ ಕಟುನಾಯಕ ವಿಮಾನ ನಿಲ್ದಾಣದಿಂದ ಹೆದ್ದಾರಿಯಲ್ಲಿ ಮೂರು ಗಂಟೆ ಹತ್ತಿರ. ಹೋಗೋಕೊಂದು ದಿನ, ಬರೋಕೊಂದು ದಿನ. ನಿಮ್ಮ ವಾರದಲ್ಲಿ ನೀರಿಗೆ ಉಳಿಯೋದು ನಾಲ್ಕೈದು ಬೆಳಗ್ಗೆ. ವೀಸಾ ನಿಯಮ ಪದೇ ಪದೇ ಬದಲಾಗುತ್ತೆ, ಟಿಕೆಟ್‌ಗೆ ಮುಂಚೆ ಸರ್ಕಾರಿ ತಾಣವನ್ನೇ ನೋಡಿ.

ವೆಲಿಗಾಮದ ನಿಜವಾದ ಅಪಾಯ ಅಲೆಯಲ್ಲ, ಜನ. ಒಂದೇ ಅಲೆಗೆ ಹತ್ತು ಹೊಸಬರು ಹೊರಟಿರ್ತಾರೆ, ಬೋರ್ಡ್ ತಿರುಗಿಸೋದು ಒಬ್ಬರಿಗೂ ಬರಲ್ಲ. ಇನ್ನು ಎರಡನೇ ದಿನವೇ ಯಾರಾದರೂ ‘ಪಕ್ಕದ ಮಿದಿಗಾಮಕ್ಕೆ ಹೋಗೋಣ’ ಅಂತಾರೆ. ಅಲ್ಲಿ ತಳ ಬಂಡೆ. ಬಿದ್ದರೆ ಮಂಡಿ, ಅಂಗಾಲು ಕುಯ್ಯುತ್ತೆ, ಗಾಯಕ್ಕೆ ಕೀವು ತುಂಬಿ ಉಳಿದ ದಿನಗಳೂ ಹೋಗುತ್ತವೆ.

ಒಂಟಿಕೊಪ್ಪಲ್_2ನೇ_ಕ್ರಾಸ್
ಕೂಟಾ ಬಿಡಿ. ಡಿಸೆಂಬರ್‌ನಿಂದ ಮಾರ್ಚ್ ಬಾಲಿಯ ಮಳೆಗಾಲ, ಪಶ್ಚಿಮದ ಗಾಳಿ ಕೂಟಾ ತೀರಕ್ಕೆ ಎದುರಾಗಿ ಬೀಸುತ್ತೆ, ಅಲೆ ಒಡೆದು ಚೂರು. ಜೊತೆಗೆ ಪ್ಲಾಸ್ಟಿಕ್ ಕಸ ದಡಕ್ಕೆ ಬಂದು ಬೀಳೋ ಕಾಲ. ಜೂನ್, ಜುಲೈ ಆಗಿದ್ದರೆ ಮಾತು ಬೇರೆ.

ಕೋವಳಂ ಎರಡಿವೆ, ಬುಕ್ ಮಾಡುವಾಗ ಜೋಪಾನ! ಒಂದು ತಿರುವನಂತಪುರದ ಪಕ್ಕ, ಇನ್ನೊಂದು ಚೆನ್ನೈನಿಂದ ಮಹಾಬಲಿಪುರದ ದಾರಿಯಲ್ಲಿ. ನಿಮ್ಮ ತಿಂಗಳಿಗೆ ಚೆನ್ನೈ ಕಡೆ ಈಶಾನ್ಯ ಗಾಳಿ ಕಡಲಿಂದ ದಡಕ್ಕೇ ಬೀಸುತ್ತೆ. ವರ್ಕಲ ಜನವರಿಗೆ ಪರವಾಗಿಲ್ಲ, ಆದರೆ ಅಲೆ ಕೆಲವು ಕಡೆ ದಡದ ಬುಡದಲ್ಲೇ ಧಪ್ಪಂತ ಮಗುಚುತ್ತೆ. ಕಲಿಯೋಕೆ ಬೇಕಾದ, ಒಡೆದ ಅಲೆಯ ನೊರೆ ಜೊತೆ ದಡದವರೆಗೆ ಸಾಗುವ ಉದ್ದ ಓಟ ಸಿಗಲ್ಲ.

ನಾಲೆ_ಏರಿ (ಮಂಡ್ಯ)
ಹಾಗಾದ್ರೆ ಮೂಲ್ಕಿ ಅಂತಲೇ ಇಟ್ಕೋತೀವಿ. ಬೋರ್ಡ್ ಯಾವುದು ಕೇಳಬೇಕು? ನಾಲೆ ಈಜು ಸಾಕಾಗುತ್ತಾ?

ಶಾಂಭವಿ_ಅಳಿವೆ
ಬೋರ್ಡ್: ಮೇಲ್ಮೈ ಮೆತ್ತಗಿರುವ ಫೋಮ್ ಬೋರ್ಡೇ ಬೇಕು ಅಂತ ಮುಂಚೆಯೇ ಕೇಳಿ. 60 ಕೆಜಿ ಒಳಗಿನವರಿಗೆ 8 ಅಡಿ, 88 ಕೆಜಿಯವರಿಗೆ 9 ಅಡಿ. ಬೋರ್ಡಿನ ಗಾತ್ರ ಲೀಟರ್ ಲೆಕ್ಕದಲ್ಲಿ ನಿಮ್ಮ ತೂಕದ ಕೆಜಿ ಅಂಕಿಗಿಂತ 20 ಆದರೂ ಹೆಚ್ಚಿರಲಿ. ಚಿಕ್ಕ ಬೋರ್ಡ್ ನೋಡೋಕೆ ಚೆಂದ, ಆದರೆ ತೇಲುವ ಶಕ್ತಿ ಸಾಲದೆ ಅಲೆ ನಿಮ್ಮನ್ನು ಬಿಟ್ಟು ಮುಂದೆ ಹೋಗುತ್ತೆ. ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ ಬೋರ್ಡಿನಷ್ಟೇ ಉದ್ದ ಇರಲಿ, ಹಿಂದಿನ ಕಾಲಿನ ಹರಡಿಗೆ ಕಟ್ಟಿ, ವೆಲ್ಕ್ರೋ ಸವೆದಿದೆಯಾ ಎಳೆದು ನೋಡಿ. ಉದ್ದ ತೋಳಿನ ಲೈಕ್ರಾ ಟೀ ಶರ್ಟ್ ಇಲ್ಲದೆ ಹೋದರೆ ಮೊದಲ ದಿನವೇ ಎದೆ, ಹೊಟ್ಟೆ ತರಚಿ ಮರುದಿನ ಮಲಗೋಕಾಗಲ್ಲ. ಮುಖಕ್ಕೆ ಜಿಂಕ್ ಇರುವ ಕ್ರೀಮು.

ನೀರಲ್ಲಿ ಎಲ್ಲರೂ ಮಾಡುವ ತಪ್ಪುಗಳು ಇವೇ. ಬೋರ್ಡಿನ ಮೂತಿ ನೀರಿಗೆ ಚುಚ್ಚಿದರೆ ನೀವು ಮುಂದೆ ಮಲಗಿದ್ದೀರಿ, ನಾಲ್ಕು ಬೆರಳು ಹಿಂದೆ ಸರೀರಿ. ಮೂತಿ ಆಕಾಶ ನೋಡಿ ಬೋರ್ಡ್ ನಿಂತುಹೋದರೆ ತುಂಬಾ ಹಿಂದೆ ಇದ್ದೀರಿ. ಏಳುವಾಗ ಅಂಚು ಹಿಡಿದರೆ ಬೋರ್ಡ್ ಮಗುಚುತ್ತೆ. ಅಂಗೈ ಪಕ್ಕೆಲುಬಿನ ಪಕ್ಕ ಚಪ್ಪಟೆ ಊರಿ. ಮಂಡಿಯೂರಿ ಏಳುವ ಅಭ್ಯಾಸ ಬೇಡವೇ ಬೇಡ, ಆಮೇಲೆ ಬಿಡಿಸೋದು ಕಷ್ಟ. ಮನೆ ಹಾಲ್‌ನಲ್ಲಿ ಚಾಪೆ ಹಾಸಿ ದಿನಕ್ಕೆ 30 ಸಲ ಮಲಗಿ ಎದ್ದು ಮಾಡಿ, ಮುಂದಿನ ಕಾಲು ಎರಡು ಕೈ ನಡುವೆ ಬರಬೇಕು. ಕಣ್ಣು ಕಾಲಿನ ಕಡೆ ಬೇಡ, ದಡದ ತೆಂಗಿನ ಮರದ ಕಡೆ. ಬೀಳುವಾಗ ತಲೆ ಮುಂದಾಗಿ ಧುಮುಕಬೇಡಿ, ನೀರು ಮೂರಡಿ ಮಾತ್ರ. ಮಲಗಿದ ಹಾಗೆ ಚಪ್ಪಟೆ ಬಿದ್ದು, ಮೇಲೆ ಬರುವಾಗ ತೋಳಿನಿಂದ ತಲೆ ಮುಚ್ಚಿ. ನಡೆದು ಒಳಗೆ ಹೋಗುವಾಗ ಬೋರ್ಡ್ ನಿಮಗೂ ಅಲೆಗೂ ಮಧ್ಯೆ ಇರಲೇಬಾರದು, ಹಲ್ಲು ಹೋಗೋದು ಅಲ್ಲೇ.

ಈಜುಕೊಳ_6ಗಂಟೆ (ಮೈಸೂರು, ಸರಸ್ವತಿಪುರಂ)
ನಾಲೆ ಈಜು ಸಾಕಾಗಲ್ಲ. ನಾಲೆಯಲ್ಲಿ ನೀರು ಒಂದೇ ದಿಕ್ಕಿಗೆ ಒಯ್ಯುತ್ತೆ, ಏರಿ ಕೈಗೆಟಕುತ್ತೆ. ಕಡಲಲ್ಲಿ ಎರಡೂ ಇಲ್ಲ. ಹೋಗೋಕೆ ಮುಂಚೆ ಕೊಳದಲ್ಲಿ 200 ಮೀಟರ್ ನಿಲ್ಲದೆ ಈಜಬೇಕು, ಹತ್ತು ನಿಮಿಷ ಕಾಲು ಊರದೆ ತೇಲಬೇಕು. ನಮ್ಮ ವಿಶ್ವವಿದ್ಯಾನಿಲಯದ ಈಜುಕೊಳದಲ್ಲಿ ಒಂದು ತಿಂಗಳು ಬೆಳಗ್ಗೆ ಹೋದರೆ ಆಗುವ ಕೆಲಸ. ಆಗದವರು ಕಲಿಸುವವರ ಕೈಯಳತೆಯಲ್ಲಿ, ಸೊಂಟ ಮಟ್ಟದ ನೀರಲ್ಲೇ ಇರಲಿ.

ದಡದಿಂದ ಕಡಲಿನೊಳಕ್ಕೆ ಎಳೆಯುವ ಸೆಳೆತ ಗುರುತಿಸೋದು ಕಲೀರಿ. ಎರಡೂ ಪಕ್ಕ ನೊರೆ ಇದ್ದು ಮಧ್ಯೆ ಒಂದು ಪಟ್ಟೆ ಮಾತ್ರ ಶಾಂತವಾಗಿ, ಕಪ್ಪಗೆ ಕಂಡರೆ ಅದೇ ಸೆಳೆತ. ಹೊಸಬರು ‘ಇಲ್ಲಿ ಅಲೆ ಇಲ್ಲ, ಸುಲಭ’ ಅಂತ ಅಲ್ಲೇ ಇಳಿಯೋದು. ಸಿಕ್ಕಿಕೊಂಡರೆ ಬೋರ್ಡ್ ಬಿಡಬೇಡಿ, ಅದೇ ನಿಮ್ಮ ತೆಪ್ಪ. ದಡದ ಕಡೆ ಹೋರಾಡದೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಹೋಗಿ, ನೊರೆ ಸಿಕ್ಕ ಮೇಲೆ ಅದರ ಜೊತೆ ಒಳಗೆ ಬನ್ನಿ.

ಪ್ರವಾಸ ಏಪ್ರಿಲ್, ಮೇಗೆ ಮುಂದೂಡಿದರೆ ಲೆಕ್ಕವೇ ಬದಲು. ಆಗ ದಕ್ಷಿಣದ ದೂರದ ಬಿರುಗಾಳಿಯಿಂದ ಎದ್ದ ಅಲೆ ಇಲ್ಲಿ ಗಾಳಿಯೇ ಇಲ್ಲದ ದಿನವೂ ಬಂದು ನುಗ್ಗುತ್ತೆ, ಮಲಯಾಳದಲ್ಲಿ ಕಳ್ಳಕ್ಕಡಲ್ ಅಂತಾರೆ. ಕಡಲಿನ ಮುನ್ಸೂಚನೆ ಕೊಡುವ ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಎಚ್ಚರಿಕೆ ಕೊಡುತ್ತೆ, ಹಿಂದಿನ ದಿನ ನೋಡಿ. ಜೂನ್ ಜುಲೈನಲ್ಲಿ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕಾ ಬೋಟುಗಳಿಗೇ ನಿಷೇಧ, ಹೊಸಬರ ಮಾತು ದೂರ.

ನಾಲೆ_ಏರಿ
ಒಬ್ಬನಿಗೆ ದೂರದ್ದು ಮಸುಕು, ಕನ್ನಡಕ ಮೈನಸ್ 3. ಲೆನ್ಸ್ ಹಾಕ್ಕೊಂಡು ಇಳೀಬಹುದಾ?

ಶಾಂಭವಿ_ಅಳಿವೆ
ಬೇಡ. ಉಪ್ಪುನೀರಲ್ಲಿ ಲೆನ್ಸ್ ಕಳಚಿಹೋಗುತ್ತೆ, ಕಳಚದಿದ್ದರೆ ಕೊಳೆನೀರು ಒಳಗೆ ಸಿಕ್ಕಿ ಕಣ್ಣಿಗೆ ಸೋಂಕು. ನೊರೆ ಅಲೆಯಲ್ಲಿ ಮೈನಸ್ 3ಕ್ಕೆ ಕನ್ನಡಕ ಇಲ್ಲದೆಯೂ ನಡೆಯುತ್ತೆ. ದಡದಲ್ಲಿ ನಿಂತವರ ಕೈಸನ್ನೆ ಮಾತ್ರ ಕಾಣಲ್ಲ, ಆದ್ದರಿಂದ ಸೀಟಿ ಊದಿ ಕರೆಯೋಕೆ ಕಲಿಸುವವರಿಗೆ ಮೊದಲೇ ಹೇಳಿ.