ಚುಕ್ಕಿಗೆ ಕ್ಯಾಲ್ಸಿಯಂ ಕೊಡಬೇಡಿ ಚಿಕ್ಕಪ್ಪ

ಗುಂಪು: ತೋಟದ ಮನೆಯವರು

ಜೂನ್ 27

ಚಿಕ್ಕಪ್ಪ, ಬೆಳಿಗ್ಗೆ 6.40
(ಫಾರ್ವರ್ಡ್ ಆಗಿ ಬಂದದ್ದು) ನಿಮ್ಮ ನಾಯಿ ಮನೆಯಲ್ಲೇ ಸುಲಭವಾಗಿ ಮರಿ ಹಾಕಬೇಕೇ? ಕೊನೆಯ ತಿಂಗಳು ದಿನಾ ಎರಡು ಹೊತ್ತು ಕ್ಯಾಲ್ಸಿಯಂ ಟಾನಿಕ್ ಕುಡಿಸಿ. ನೋವು ನಿಧಾನವಾದರೆ ಮೆಡಿಕಲ್ ಶಾಪಿನಿಂದ ನೋವು ಬರಿಸುವ ಇಂಜೆಕ್ಷನ್ ತಂದು ಹಾಕಿಸಿ. ಮರಿ ಉಸಿರಾಡದಿದ್ದರೆ ತಲೆ ಕೆಳಗೆ ಮಾಡಿ ಜೋರಾಗಿ ಬೀಸಿ. ಹುಟ್ಟಿದ ಕೂಡಲೇ ಹಸುವಿನ ಹಾಲು ಕುಡಿಸಿ. ಡಾಕ್ಟರಿಗೆ ದುಡ್ಡು ಸುರಿಯಬೇಡಿ. ಎಲ್ಲರಿಗೂ ಕಳಿಸಿ.

ಚಿಕ್ಕಪ್ಪ, 6.42
ನಮ್ಮ ಚುಕ್ಕಿಗೂ ದಿನ ಹತ್ತಿರ ಬಂತು. ಹಸುವಿಗೆ ತಂದ ಕ್ಯಾಲ್ಸಿಯಂ ಬಾಟಲಿ ಕೊಟ್ಟಿಗೆಯಲ್ಲೇ ಇದೆ. ಇವತ್ತಿಂದ ಶುರು ಮಾಡುತ್ತೇನೆ.

ದೊಡ್ಡತ್ತೆ, 6.55
ಒಳ್ಳೆಯ ಮಾಹಿತಿ. ನಮ್ಮ ಓಣಿಯ ಗುಂಪಿಗೂ ಹಾಕುತ್ತೇನೆ.

ನಾನು, 7.05
ಅತ್ತೆ, ದಯವಿಟ್ಟು ಹಾಕಬೇಡಿ. ಚಿಕ್ಕಪ್ಪ, ಆ ಬಾಟಲಿ ಮುಟ್ಟಬೇಡಿ. ಮಕ್ಕಳನ್ನು ಶಾಲೆಗೆ ಬಿಟ್ಟು ಬಂದು ಪೂರ್ತಿ ಬರೆಯುತ್ತೇನೆ.

ಚಿಕ್ಕಪ್ಪ, 7.11
ಏನು ಮಾರಾಯ್ತಿ, ನಲವತ್ತು ವರ್ಷದಿಂದ ಈ ಕೊಟ್ಟಿಗೆಯಲ್ಲಿ ಎಷ್ಟು ಕರು ಹಿಡಿದಿದ್ದೇನೆ ಅಂತ ನಿನಗೆ ಗೊತ್ತಾ? ಒಂದು ನಾಯಿ ಮರಿ ಹಾಕುವುದಕ್ಕೆ ಇಷ್ಟು ಗಾಬರಿ ಯಾಕೆ?

ದೊಡ್ಡತ್ತೆ, 7.14
ಅದೇ ಮತ್ತೆ. ಬೀದಿ ನಾಯಿಗಳು ಹಾಕುವುದಿಲ್ವಾ? ಅವಕ್ಕೆ ಯಾರು ಬಾಣಂತನ ಮಾಡುತ್ತಾರೆ?

ಅಣ್ಣ (ಬೆಂಗಳೂರು), 7.30
ಚಿಕ್ಕಪ್ಪ, ಆನ್‌ಲೈನ್‌ನಲ್ಲಿ ಮರಿಗಳಿಗೆ ಶಾಖ ಕೊಡುವ ದೀಪ ಸಿಗುತ್ತೆ. ಕ್ಯಾಮೆರಾನೂ ಕಳಿಸುತ್ತೇನೆ. ಇಲ್ಲಿಂದಲೇ ನೋಡಬಹುದು.

ನಾನು, 9.20
ಈಗ ಕೂತೆ. ಉದ್ದ ಆಗುತ್ತೆ, ಓದಿ.

ಅತ್ತೆ, ಬೀದಿ ನಾಯಿ ವಿಷಯ ಮೊದಲು. ಹೋದ ಮಳೆಗಾಲದಲ್ಲಿ ಕಟ್ಟಿಗೆ ರಾಶಿ ಕೆಳಗೆ ಆ ಕೆಂದ ನಾಯಿ ಆರು ಮರಿ ಹಾಕಿತ್ತು. ಆರು ಮರಿ ಅಂತ ಎಲ್ಲರೂ ಹೇಳುತ್ತೇವೆ. ಉಳಿದದ್ದು ಎರಡು. ನಾಲ್ಕು ಒದ್ದೆಯಲ್ಲಿ ತಣ್ಣಗಾಗಿ ಹೋದವು, ಅಜ್ಜಿಯೇ ಬಾಳೆ ಬುಡದಲ್ಲಿ ಹುಗಿಸಿದ್ದು. ಬೀದಿ ನಾಯಿ ತಾನೇ ಹಾಕುತ್ತದೆ, ನಿಜ. ಹಾಕಿದ ಮೇಲೆ ಸತ್ತವನ್ನು ಯಾರೂ ಲೆಕ್ಕ ಇಡುವುದಿಲ್ಲ ಅಷ್ಟೆ.

ಚಿಕ್ಕಪ್ಪ, ನಿಮ್ಮ ಅನುಭವದ ಬಗ್ಗೆ ನನಗೆ ಅನುಮಾನವೇ ಇಲ್ಲ. ಅದಕ್ಕೇ ನಿಮ್ಮನ್ನೇ ಕೇಳುತ್ತೇನೆ. ನಮ್ಮ ಕಪಿಲೆ ಮೂರನೇ ಸೂಲಿನಲ್ಲಿ ಕರು ಹಾಕಿ ಮರುದಿನ ಬಿದ್ದಿತ್ತು, ನೆನಪಿದೆಯಾ? ಕುತ್ತಿಗೆ ಒಂದು ಕಡೆ ತಿರುಗಿಸಿಕೊಂಡು, ಕಿವಿ ತಣ್ಣಗಾಗಿ. ಡಾಕ್ಟರು ಬಂದು ನರಕ್ಕೆ ಕ್ಯಾಲ್ಸಿಯಂ ಹಾಕಿದ ಮೇಲೆ ಎದ್ದು ನಿಂತಿತು. ಆವತ್ತು ಅವರು ನಿಮಗೆ ಏನು ಹೇಳಿದ್ದರು?

ಚಿಕ್ಕಪ್ಪ, 9.34
ಹಾಲು ಜ್ವರ ಅಂದರು. ಗಬ್ಬದ ಕೊನೆಯಲ್ಲಿ ಕ್ಯಾಲ್ಸಿಯಂ ಜಾಸ್ತಿ ಕೊಡಬೇಡಿ, ಈದ ಮೇಲೆ ನೋಡೋಣ ಅಂದಿದ್ದರು.

ನಾನು, 9.41
ನಾಯಿಗೂ ಅದೇ ಚಿಕ್ಕಪ್ಪ. ಕುತ್ತಿಗೆಯಲ್ಲಿ ಒಂದು ಸಣ್ಣ ಗ್ರಂಥಿ ಇದೆ, ಪ್ಯಾರಾಥೈರಾಯ್ಡ್ ಅಂತ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆ ಆದರೆ ಅದು ಮೂಳೆಯಿಂದ ತೆಗೆಸಿ ಕೊಡುತ್ತದೆ. ನಾವು ಹೊರಗಿಂದ ದಿನಾ ಕುಡಿಸಿದರೆ ಅದಕ್ಕೆ ಕೆಲಸವೇ ಇರುವುದಿಲ್ಲ, ಮಂಕಾಗುತ್ತದೆ. ಮರಿ ಹಾಕಿ ಹಾಲು ಇಳಿದಾಗ ಒಮ್ಮೆಗೇ ತುಂಬಾ ಕ್ಯಾಲ್ಸಿಯಂ ಬೇಕು. ಆಗ ಆ ಗ್ರಂಥಿ ಬೇಗ ಎದ್ದೇಳುವುದಿಲ್ಲ.

ಒಂದು ವ್ಯತ್ಯಾಸ ಇದೆ. ಹಸು ತಣ್ಣಗಾಗಿ ಬೀಳುತ್ತದೆ. ನಾಯಿ ನಡುಗುತ್ತದೆ, ಕಾಲು ಸೆಟೆದು ನಡೆಯುತ್ತದೆ, ಏದುಸಿರು ಬಿಡುತ್ತದೆ, ಮೈ ಕಾದು ಹೋಗುತ್ತದೆ. ಹೆಚ್ಚಾಗಿ ಮರಿಗಳಿಗೆ ಎರಡು ಮೂರು ವಾರ ಆದಾಗ ಬರುತ್ತದೆ. ಚುಕ್ಕಿಯಂಥ ಸಣ್ಣ ಜಾತಿಗೆ ಅಪಾಯ ಜಾಸ್ತಿ. ಹಾಗೇನಾದರೂ ಕಂಡರೆ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ.

ಚಿಕ್ಕಮ್ಮ, 9.50
ಬಾಟಲಿ ನಾನೇ ತೆಗೆದು ಒಳಗಿಟ್ಟೆ. ಮುಂದೆ ಹೇಳು.

ಚಿಕ್ಕಪ್ಪ, 9.52
ಕ್ಯಾಲ್ಸಿಯಂ ವಿಷಯ ಆಯಿತು, ಒಪ್ಪಿದೆ. ಆದರೆ ನೋವು ನಿಂತು ಹೋದರೆ ಏನು ಮಾಡುವುದು? ರಾತ್ರಿ ಈ ಮಳೆಯಲ್ಲಿ ಶಿವಮೊಗ್ಗಕ್ಕೆ 60 ಕಿಲೋಮೀಟರಿಗೂ ಮೇಲೆ. ಇಂಜೆಕ್ಷನ್ ಒಂದು ಮನೆಯಲ್ಲಿ ಇದ್ದರೆ ಧೈರ್ಯ ಅಲ್ವಾ?

ನಾನು, 10.15
ಇದನ್ನು ಬರೆಯುವುದು ನನಗೆ ಕಷ್ಟ. ಆದರೂ ಬರೆಯುತ್ತೇನೆ, ಯಾಕೆಂದರೆ ನಿಮಗೆ ಯಾರಿಗೂ ಪೂರ್ತಿ ಹೇಳಿರಲಿಲ್ಲ.

ನಮ್ಮ ನಾಯಿ ರಾಣಿ ಹೇಗೆ ಹೋದಳು ಅಂತ ಕೇಳಿದಾಗಲೆಲ್ಲ ಹೆರಿಗೆಯಲ್ಲಿ ತೊಂದರೆ ಆಯಿತು ಅಂದುಬಿಡುತ್ತಿದ್ದೆ. ನಡೆದದ್ದು ಇದು. ಸಂಜೆ ಏಳಕ್ಕೆ ತಿಣುಕಲು ಶುರು ಮಾಡಿದಳು. ಒಂದೂ ಮರಿ ಬರುವ ಮೊದಲೇ ಕಡು ಹಸಿರು ನೀರು ಹೋಯಿತು. ನಮಗೆ ಅದರ ಅರ್ಥ ಗೊತ್ತಿರಲಿಲ್ಲ. ಹತ್ತರ ಹೊತ್ತಿಗೆ ಸುಸ್ತಾಗಿ ನೋವು ಕಡಿಮೆ ಆಯಿತು. ಪರಿಚಯದವರೊಬ್ಬರು ಆಕ್ಸಿಟೋಸಿನ್, ಅಂದರೆ ಆ ನೋವು ಬರಿಸುವ ಇಂಜೆಕ್ಷನ್ ತಂದು ಹಾಕಿದರು. ನಾನೇ ಅವಳ ಕಾಲು ಹಿಡಿದುಕೊಂಡೆ. ಒಳಗೆ ಮರಿ ಅಡ್ಡ ತಿರುಗಿತ್ತು. ದಾರಿ ಇಲ್ಲದ ಕಡೆ ಗರ್ಭಕೋಶ ಜೋರಾಗಿ ಒತ್ತಿತು, ಹರಿದುಹೋಯಿತು. ಬೆಳಗಿನ ಜಾವ ನಾಲ್ಕಕ್ಕೆ ಡಾಕ್ಟರ್ ಮೇಜಿನ ಮೇಲೆ ಹೋದಳು. ಹೊಟ್ಟೆಯಲ್ಲಿ ಐದು ಮರಿ ಇದ್ದವು.

ಆ ಮೇಲೆ ಅದೇ ಡಾಕ್ಟರ್ ಹತ್ತಿರ ಹೋಗಿ ಕೂತು ಒಂದೊಂದನ್ನೇ ಕೇಳಿ ಬರೆದುಕೊಂಡೆ. ನಾನು ಹೇಳುತ್ತಿರುವುದೆಲ್ಲ ಆ ಪುಸ್ತಕದಿಂದ.

ಅಮ್ಮ, 10.21
ಇಷ್ಟು ದಿನ ಒಬ್ಬಳೇ ಇಟ್ಟುಕೊಂಡಿದ್ದೆಯಲ್ಲ ಮಗಳೇ.

ಚಿಕ್ಕಪ್ಪ, 10.40
ಇಂಜೆಕ್ಷನ್ ತರುವುದಿಲ್ಲ. ಏನು ಮಾಡಬೇಕು ಅಂತ ಒಂದೊಂದೇ ಹೇಳು. ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ, ಕ್ರಾಸ್ ಮಾಡಿಸಿದ್ದು ಮೇ 4.

ನಾನು, 10.58
ಹಾಗಾದರೆ ಇವತ್ತಿಗೆ 54 ದಿನ. 63ಕ್ಕೆ ಲೆಕ್ಕ ಹಾಕಿದರೆ ಜುಲೈ 6. ನಾಲ್ಕೈದು ದಿನ ಹಿಂದೆ ಮುಂದೆ ಆಗಬಹುದು.

ಮೊದಲ ಕೆಲಸ ಎಕ್ಸ್‌ರೇ. 55 ದಿನ ದಾಟಿದರೆ ಮರಿಗಳ ಮೂಳೆ ಚೆನ್ನಾಗಿ ಕಾಣುತ್ತದೆ. ತಲೆ ಎಣಿಸಬಹುದು. ಎಷ್ಟು ಮರಿ ಅಂತ ಗೊತ್ತಿಲ್ಲದಿದ್ದರೆ ಮುಗಿಯಿತೋ ಇಲ್ಲವೋ ಅಂತ ರಾತ್ರಿ ಎರಡು ಗಂಟೆಗೆ ಹೇಗೆ ತಿಳಿಯುತ್ತದೆ? ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಬನ್ನಿ, ನಾನೂ ಬರುತ್ತೇನೆ. ರಾತ್ರಿ ತೊಂದರೆಯಾದರೆ ಯಾರು ಸಿಗುತ್ತಾರೆ, ಆಪರೇಷನ್ ಎಲ್ಲಿ ಮಾಡುತ್ತಾರೆ ಅಂತ ಆವತ್ತೇ ಕೇಳಿ ನಂಬರ್ ಬರೆದುಕೊಳ್ಳೋಣ.

ಎರಡನೆಯದು ಥರ್ಮಾಮೀಟರ್. ಡಿಜಿಟಲ್ ಇರಲಿ. ತುದಿಗೆ ಕೊಬ್ಬರಿ ಎಣ್ಣೆ ಹಚ್ಚಿ ಗುದದಲ್ಲಿ ಇಡಬೇಕು, ಬೆಳಿಗ್ಗೆ ಸಂಜೆ. ನಾಯಿಯ ಮೈ ಬಿಸಿ ನಮಗಿಂತ ಜಾಸ್ತಿ, 101ರಿಂದ 102 ಡಿಗ್ರಿ ಮಾಮೂಲು. 99ಕ್ಕಿಂತ ಕೆಳಗೆ ಇಳಿದರೆ ಸಾಮಾನ್ಯವಾಗಿ ಒಂದು ದಿನದ ಒಳಗೆ ಹೆರಿಗೆ.

ಚಿಕ್ಕಮ್ಮ, 11.06
ಜಾಗ ಎಲ್ಲಿ ಮಾಡಲಿ? ಜಗಲಿಯಲ್ಲಿ ಇರಚಲು ಹೊಡೆಯುತ್ತದೆ. ಕೊಟ್ಟಿಗೆಯಲ್ಲಿ ಬೇಡ, ಹೋದ ತಿಂಗಳು ಚಿರತೆ ಪಕ್ಕದ ಮನೆ ನಾಯಿ ಹೊತ್ತುಕೊಂಡು ಹೋಯಿತು.

ನಾನು, 11.25
ಬಚ್ಚಲಿಗೆ ತಾಗಿದ ಆ ಕತ್ತಲೆ ಕೋಣೆ ಇದೆಯಲ್ಲ ಚಿಕ್ಕಮ್ಮ, ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಹಂಡೆ ಒಲೆಯ ಗೋಡೆ ಇಡೀ ದಿನ ಬೆಚ್ಚಗಿರುತ್ತದೆ. ಹೊಗೆ ಮಾತ್ರ ಒಳಗೆ ತುಂಬದ ಹಾಗೆ ಬಾಗಿಲು ಹಾಕಿ. ಈಗಿನಿಂದಲೇ ಅವಳನ್ನು ಅಲ್ಲಿ ಮಲಗಿಸಿ ರೂಢಿ ಮಾಡಿಸಿ. ಇಲ್ಲದಿದ್ದರೆ ಆ ದಿನ ನಿಮ್ಮ ಹಾಸಿಗೆಯೇ ಬೇಕು ಅನ್ನುತ್ತಾಳೆ.

ಚಿಕ್ಕಪ್ಪ ಹಲಗೆಯಲ್ಲಿ ಒಂದು ಪೆಟ್ಟಿಗೆ ಮಾಡಲಿ. ಅವಳು ಕಾಲು ಚಾಚಿ ಮಲಗುವಷ್ಟು ಅಗಲ. ಒಳಗೆ ನಾಲ್ಕೂ ಕಡೆ, ನೆಲದಿಂದ ಮೂರು ನಾಲ್ಕು ಇಂಚು ಮೇಲೆ, ಗೋಡೆಯಿಂದ ಅಷ್ಟೇ ದೂರಕ್ಕೆ ಅಡಿಕೆ ದಬ್ಬೆ ಕಟ್ಟಿ. ತಾಯಿ ಗೋಡೆಗೆ ಒರಗಿದಾಗ ಮರಿ ಆ ಸಂದಿಯಲ್ಲಿ ಉಳಿದುಕೊಳ್ಳುತ್ತದೆ, ಅಡಿಗೆ ಸಿಕ್ಕುವುದಿಲ್ಲ. ಕೆಳಗೆ ಪೇಪರ್, ಮೇಲೆ ಹಳೇ ಕಾಟನ್ ಸೀರೆ. ಗೋಣಿಚೀಲ ಬೇಡ. ನಾರು ಮರಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.

ಅಣ್ಣ (ಬೆಂಗಳೂರು), 11.31
ದೀಪ ಆರ್ಡರ್ ಮಾಡಲಾ?

ನಾನು, 11.38
ಬೇಡ ಅಣ್ಣ. ಆಷಾಢದಲ್ಲಿ ಅಲ್ಲಿ ಕರೆಂಟ್ ಎರಡೆರಡು ದಿನ ಇರುವುದಿಲ್ಲ. ಇದ್ದಾಗಲೂ ದೀಪ ಹತ್ತಿರ ಆದರೆ ಮರಿ ಸುಡುತ್ತದೆ, ತಾಯಿಗೆ ಸೆಕೆ ತಡೆಯುವುದಿಲ್ಲ. ಬಿಸಿನೀರಿನ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಪೆಟ್ಟಿಗೆಯ ಒಂದೇ ಬದಿಗೆ ಇಟ್ಟರೆ ಸಾಕು. ಸೆಕೆಯಾದರೆ ಮರಿ ಆಚೆ ತೆವಳುತ್ತದೆ. ನೀನು ಕಳಿಸುವುದಾದರೆ ನಾಯಿಮರಿಗಳ ಹಾಲಿನ ಪುಡಿ ಒಂದು ಡಬ್ಬಿ ಮತ್ತು ಒಂದು ಒಳ್ಳೆಯ ಟಾರ್ಚ್ ಕಳಿಸು. ಅಡುಗೆಮನೆ ತಕ್ಕಡಿ ಅಲ್ಲಿ ಇಲ್ಲ, ಅದೂ ಬೇಕು. ಮರಿಗಳನ್ನು ದಿನಾ ತೂಗಬೇಕು. ತೂಕ ಏರದ ಮರಿಯೇ ಮೊದಲು ಹೋಗುವುದು.

ದೊಡ್ಡತ್ತೆ, 11.45
ಮನೆ ತುಂಬ ಹಸುವಿನ ಹಾಲು ಇರುವಾಗ ಪುಡಿ ಯಾಕೆ?

ನಾನು, 11.57
ನಾಯಿಯ ಹಾಲು ತುಂಬಾ ಗಟ್ಟಿ ಅತ್ತೆ. ಹಸುವಿನ ಹಾಲಲ್ಲಿ ಅದರಷ್ಟು ಕೊಬ್ಬೂ ಇಲ್ಲ, ಪ್ರೋಟೀನೂ ಇಲ್ಲ. ಬರೀ ಅದನ್ನೇ ಕುಡಿಸಿದರೆ ಭೇದಿ ಆಗುತ್ತದೆ. ತಾಯಿ ಕುಡಿಸುತ್ತಿದ್ದರೆ ಪುಡಿಯೂ ಬೇಡ. ಕರುವಿಗೆ ಗಿಣ್ಣು ಹಾಲು ಹೇಗೋ ಇವಕ್ಕೂ ಹಾಗೇ, ಮೊದಲ ದಿನವೇ ಎಲ್ಲ ಮರಿಗೂ ಸಿಗಬೇಕು.

ತಣ್ಣಗಾದ ಮರಿಗೆ ಮಾತ್ರ ಯಾವ ಹಾಲೂ ಕುಡಿಸಬೇಡಿ. ಅದಕ್ಕೆ ಜೀರ್ಣ ಮಾಡುವ ಶಕ್ತಿ ಇರುವುದಿಲ್ಲ. ಮೊದಲು ಎದೆಗೆ ಅವಚಿಕೊಂಡು ನಿಧಾನವಾಗಿ ಬೆಚ್ಚಗೆ ಮಾಡಿ. ಕುಡಿಸುವಾಗ ಹೊಟ್ಟೆ ಕೆಳಗೆ ಮಾಡಿ ಹಿಡಿಯಿರಿ. ಮಗುವಿನ ಹಾಗೆ ಅಂಗಾತ ಮಲಗಿಸಿದರೆ ಶ್ವಾಸಕ್ಕೆ ಹೋಗುತ್ತದೆ.

ಚಿಕ್ಕಪ್ಪ, 12.10
ಮರಿ ಉಸಿರಾಡದಿದ್ದರೆ ಬೀಸುವುದು ನಾನೂ ನೋಡಿದ್ದೇನೆ. ಹಿಂದೆ ಡಾಕ್ಟರುಗಳೂ ಹೇಳುತ್ತಿದ್ದರು.

ನಾನು, 12.22
ಹೌದು, ಹಿಂದೆ ಹೇಳುತ್ತಿದ್ದರು. ಈಗ ಬೇಡ ಅನ್ನುತ್ತಾರೆ. ಅಷ್ಟು ಎಳೆಯ ತಲೆ, ಬೀಸಿದರೆ ಮಿದುಳಿಗೆ ಪೆಟ್ಟಾಗುತ್ತದೆ. ಪೊರೆಯನ್ನು ಚುಕ್ಕಿ ತಾನೇ ಹರಿದು ನೆಕ್ಕುತ್ತಾಳೆ. ಮೊದಲ ಸಲ, ಕಂಗಾಲಾಗಿ ಬಿಟ್ಟುಬಿಡಲೂಬಹುದು. ಒಂದು ನಿಮಿಷದೊಳಗೆ ಹರಿಯದಿದ್ದರೆ ನೀವು ಮೂಗಿನ ಹತ್ತಿರ ಹರಿಯಿರಿ. ಬಾಯಿ ಒರೆಸಿ, ಒಣ ಟವೆಲ್ಲಿನಲ್ಲಿ ಬೆನ್ನು, ಎದೆ ಚೆನ್ನಾಗಿ ಉಜ್ಜಿ. ಕೂಗುವವರೆಗೂ ಉಜ್ಜಿ, ಬೇಗ ಕೈ ಬಿಡಬೇಡಿ. ಹೊಕ್ಕುಳ ಬಳ್ಳಿ ಎಳೆಯಬೇಡಿ. ಹೊಟ್ಟೆಯಿಂದ ಒಂದು ಇಂಚು ಬಿಟ್ಟು ದಾರ ಕಟ್ಟಿ, ಕುದಿಸಿದ ಕತ್ತರಿಯಲ್ಲಿ ಆಚೆ ಕತ್ತರಿಸಿ. ಹಿಂಗಾಲು ಮುಂದಾಗಿ ಬಂದರೆ ಹೆದರಬೇಡಿ. ಕರುವಿಗೆ ಅದು ಕಷ್ಟ, ನಾಯಿಗೆ ಮಾಮೂಲು. ಒಂದೊಂದು ಮರಿಗೂ ಒಂದೊಂದು ಕಸ (ಮಾಸು) ಬೀಳಬೇಕು, ಎಣಿಸಿ.

ಇನ್ನು ಕೆಳಗಿನದನ್ನು ಕಾಗದದಲ್ಲಿ ದೊಡ್ಡದಾಗಿ ಬರೆದು ಆ ಕೋಣೆಯ ಗೋಡೆಗೆ ಅಂಟಿಸಿ.

ಮರಿ ಬರುವ ಮೊದಲೇ ಹಸಿರು ನೀರು ಹೋದರೆ ಹೊರಡಿ. ಜೋರಾಗಿ ಅರ್ಧ ಗಂಟೆ ತಿಣುಕಿಯೂ ಮರಿ ಬರದಿದ್ದರೆ ಹೊರಡಿ. ಇನ್ನೂ ಮರಿ ಇದೆ ಅಂತ ಗೊತ್ತಿದ್ದು ಎರಡು ಗಂಟೆ ಆದರೂ ಮುಂದಿನದು ಬರದಿದ್ದರೆ ಹೊರಡಿ. ಮೈ ಬಿಸಿ 99ಕ್ಕಿಂತ ಕೆಳಗೆ ಇಳಿದು 24 ಗಂಟೆ ಕಳೆದೂ ನೋವೇ ಬರದಿದ್ದರೂ ಹೊರಡಿ.

ಮೊದಲ ಮರಿ ಆದ ಮೇಲೆ ಹಸಿರು ಹೋದರೆ ಅದು ಸಹಜ. ಮೊದಲೇ ಹೋದರೆ ಕಸ ಬಿಟ್ಟುಕೊಂಡಿದೆ, ಮರಿಗೆ ಉಸಿರು ಸಿಗುತ್ತಿಲ್ಲ ಅಂತ ಅರ್ಥ. ನಮ್ಮ ರಾಣಿಗೆ ಆದದ್ದು ಅದೇ. ಏಳು ಗಂಟೆಗೇ ನಮಗೆ ತಿಳಿದಿರಬೇಕಿತ್ತು.

ದೊಡ್ಡತ್ತೆ, 12.40
ನಾನು ಓಣಿಯ ಗುಂಪಿಗೆ ಹಾಕಿಬಿಟ್ಟಿದ್ದೆ, ನೀನು ಹೇಳುವಷ್ಟರಲ್ಲಿ. ಈಗ ಅಳಿಸಿದೆ. ನೀನು ಬರೆದದ್ದನ್ನು ಅಲ್ಲಿಗೆ ಹಾಕಬಹುದಾ? ಹೆಸರು ತೆಗೆದು.

ನಾನು, 12.44
ಖಂಡಿತ ಹಾಕಿ ಅತ್ತೆ. ಅವರವರ ಡಾಕ್ಟರ್ ಹತ್ತಿರ ಒಮ್ಮೆ ಕೇಳಲಿ ಅಂತಲೂ ಸೇರಿಸಿ.

ಜುಲೈ 1

ಚಿಕ್ಕಪ್ಪ, ಮಧ್ಯಾಹ್ನ 3.15
ಎಕ್ಸ್‌ರೇ ಆಯಿತು. ನಾಲ್ಕು ತಲೆ. ಡಾಕ್ಟರಮ್ಮ ನನಗೂ ತೋರಿಸಿದರು, ಬೆನ್ನುಮೂಳೆ ಮಣಿಸರದ ಹಾಗೆ ಕಾಣುತ್ತದೆ. ಸೊಂಟದ ದಾರಿ ಸಾಕಷ್ಟಿದೆ, ಮನೆಯಲ್ಲೇ ಆಗಬಹುದು ಅಂದರು. ಕ್ಯಾಲ್ಸಿಯಂ ಕೇಳಿದೆ. ನೀನು ಹೇಳಿದ ಮಾತನ್ನೇ ಹೇಳಿದರು.

ಅಮ್ಮ, 3.30
ನಾಲ್ಕು ಮರಿಗೂ ಮನೆ ಈಗಲೇ ಹುಡುಕಿ. ಒಂದು ನನಗೆ.

ನಾನು, 3.42
ಎರಡು ತಿಂಗಳು ತುಂಬುವವರೆಗೆ ತಾಯಿಯಿಂದ ಬಿಡಿಸುವುದು ಬೇಡ ಅಮ್ಮ. ಎರಡು ವಾರಕ್ಕೆ ಜಂತುಹುಳದ ಔಷಧ ಶುರು. ಆಮೇಲೆ ಚುಕ್ಕಿಗೆ ಆಪರೇಷನ್ ಮಾಡಿಸೋಣ, ಇದು ಒಂದೇ ಸಲ ಸಾಕು.

ಚಿಕ್ಕಪ್ಪ, 3.50
ಅದನ್ನು ಆಮೇಲೆ ಮಾತಾಡೋಣ. ಮೊದಲು ಇದಾಗಲಿ.

ಜುಲೈ 5

ಚಿಕ್ಕಪ್ಪ, ಬೆಳಿಗ್ಗೆ 5.20
98.4. ಎರಡು ಸಲ ನೋಡಿದೆ. ನಿನ್ನೆ ಸಂಜೆ 100.8 ಇತ್ತು. ರಾತ್ರಿ ಊಟ ಬಿಟ್ಟಿದ್ದಾಳೆ, ಪೆಟ್ಟಿಗೆಯಲ್ಲಿ ಸೀರೆ ಕೆರೆದು ಕೆರೆದು ಗುಡ್ಡೆ ಹಾಕಿದ್ದಾಳೆ.

ಚಿಕ್ಕಮ್ಮ, 5.24
ಹಂಡೆಗೆ ಬೆಂಕಿ ಹಾಕಿದೆ. ಕತ್ತರಿ, ದಾರ ಕುದಿಸಿಟ್ಟಿದ್ದೇನೆ.

ಚಿಕ್ಕಪ್ಪ, 5.31
ಶಿವಮೊಗ್ಗ ದಾರಿಯಲ್ಲಿ ಮಂಡಗದ್ದೆ ಹತ್ತಿರ ಮರ ಬಿದ್ದಿತ್ತಂತೆ, ರಾತ್ರಿಯೇ ಕಡಿದು ದಾರಿ ಮಾಡಿದ್ದಾರೆ. ಫೋನ್ ಮಾಡಿ ಕೇಳಿದೆ. ಜೀಪಿಗೆ ಡೀಸೆಲ್ ಹಾಕಿಸಿ ಅಂಗಳದಲ್ಲಿ ತಿರುಗಿಸಿ ನಿಲ್ಲಿಸಿದ್ದೇನೆ.

ನಾನು, 5.33
ಆರರ ಬಸ್ಸಿಗೆ ಹೊರಟೆ. ತೀರ್ಥಹಳ್ಳಿಗೆ ಬಂದು ಫೋನ್ ಮಾಡುತ್ತೇನೆ.

ಚಿಕ್ಕಪ್ಪ, 5.34
ಕರೆಯಲು ಬರುವುದಕ್ಕೆ ಆಗುವುದಿಲ್ಲ ಮಗಾ, ಆಟೋ ಮಾಡಿಕೊಂಡು ಬಾ. ನಾನು ಇವಳನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ.